ಬಂಡೆಯ ವಯಸ್ಸು ಕೇಳುವ ಮುನ್ನ

ಮೈಸೂರಿನಿಂದ ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರುವಷ್ಟು ದೂರದೊಳಗೆ ಭೂಮಿಯ ಚರಿತ್ರೆಯ ಮುಕ್ಕಾಲು ಪಾಲು ಬಯಲಲ್ಲೇ ಬಿದ್ದಿದೆ. ನಾವು ದಿನವೂ ನೋಡುವ ಚಾಮುಂಡಿ ಬೆಟ್ಟದ ಗ್ರಾನೈಟ್ ಸುಮಾರು 80 ಕೋಟಿ ವರ್ಷ ಹಿಂದೆ ಶಿಲಾಪಾಕವಾಗಿ ಮೇಲೇರಿ, ನೆಲದೊಳಗೇ ತಣಿದು ಗಟ್ಟಿಯಾದದ್ದು. ಮಳವಳ್ಳಿ ದಾಟಿ ಕನಕಪುರದ ಕಡೆ ಹೋದರೆ ಸಿಗುವ ಕಬ್ಬಾಳದುರ್ಗದ ಬಂಡೆಗಳು ಸುಮಾರು 250 ಕೋಟಿ ವರ್ಷ ಹಿಂದೆ ಭಾರಿ ಕಾವಿಗೆ ಸಿಕ್ಕಿದವು. ಹೇಮಾವತಿ ದಂಡೆಯ ಗೊರೂರು ನಮಗೆಲ್ಲ ರಾಮಸ್ವಾಮಿ ಅಯ್ಯಂಗಾರ್ ಅವರ ಊರೆಂದು ಗೊತ್ತು. ಅಲ್ಲಿನ ಬೂದು ಬಣ್ಣದ ನೈಸ್ ಬಂಡೆಗೆ 330 ಕೋಟಿ ವರ್ಷ ದಾಟಿದೆ. ಭೂಮಿಗೇ ಸುಮಾರು 455 ಕೋಟಿ ವರ್ಷ ವಯಸ್ಸು ಎಂಬುದನ್ನು ನೆನೆದರೆ ನಾವು ಎಂಥ ನೆಲದ ಮೇಲೆ ಮನೆ ಕಟ್ಟಿಕೊಂಡಿದ್ದೇವೆ ಎಂಬುದು ತಿಳಿಯುತ್ತದೆ.

ಈ ಸಂಖ್ಯೆಗಳನ್ನು ಕೊಟ್ಟ ವಿದ್ಯೆ ಐಸೋಟೋಪ್ ಭೂರಸಾಯನ ವಿಜ್ಞಾನ. ನಾನು ಮಾನಸಗಂಗೋತ್ರಿಯ ಭೂವಿಜ್ಞಾನ ವಿಭಾಗದಲ್ಲಿ ಓದಿ, ಆ ಮೇಲೆ ವೃತ್ತಿಯ ಬಹುಪಾಲನ್ನು ಹೊರ ಊರುಗಳ ಐಸೋಟೋಪ್ ಲ್ಯಾಬುಗಳಲ್ಲಿ ಕಳೆದವಳು. ನಿವೃತ್ತಿಯಾದ ಮೇಲೆ ಮೈಸೂರಿಗೇ ಬಂದು ನೆಲೆಸಿದ್ದೇನೆ. ಸಂಶೋಧನೆಗೆ ಇಳಿಯಬೇಕೆಂದಿರುವ ಹುಡುಗ ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. ಯಾವ ಯಂತ್ರ ಕಲಿಯಬೇಕು ಮೇಡಂ, ಯಾವ ದೇಶದ ಲ್ಯಾಬಿಗೆ ಅರ್ಜಿ ಹಾಕಬೇಕು, ಎಷ್ಟು ಪೇಪರ್ ಇದ್ದರೆ ಕೆಲಸ ಸಿಗುತ್ತದೆ ಎಂದು ಕೇಳುತ್ತಾರೆ. ಎಲ್ಲವೂ ಬೇಕಾದ ಪ್ರಶ್ನೆಗಳೇ. ಆದರೆ ಇಷ್ಟು ವರ್ಷ ಈ ಕೆಲಸ ಮಾಡಿ ನಾನು ಕಂಡುಕೊಂಡದ್ದು ಬೇರೆ. ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರ ನಮಗೆ ಕೊಡುವುದು ಐಸೋಟೋಪ್‌ಗಳ ಒಂದು ಅನುಪಾತವನ್ನು. ಅದು ಯಾವುದರ ವಯಸ್ಸು ಎಂದು ಹೇಳಬಲ್ಲವರು ಬಂಡೆಯ ಮುಂದೆ ಕೂತು ಅದನ್ನು ಓದಿದವರು ಮಾತ್ರ. ಮುಂದೆ ಬರೆದಿರುವುದೆಲ್ಲ ಈ ಒಂದು ಮಾತಿನ ವಿವರಣೆ.

ಸಂಖ್ಯೆ ಬರುವ ದಾರಿ

ಒಂದೇ ಧಾತುವಿನ ಪರಮಾಣುಗಳಲ್ಲಿ ತೂಕದ ವ್ಯತ್ಯಾಸ ಇರುವವನ್ನು ಐಸೋಟೋಪ್ ಅಥವಾ ಸಮಸ್ಥಾನಿ ಎನ್ನುತ್ತೇವೆ. ಅವುಗಳಲ್ಲಿ ಕೆಲವು ತಾವಾಗಿಯೇ ಕ್ಷಯಿಸಿ ಬೇರೆ ಧಾತುವಾಗುತ್ತವೆ. ಯುರೇನಿಯಂ-238ರಲ್ಲಿ ಅರ್ಧದಷ್ಟು ಸೀಸ-206 ಆಗಲು ಸುಮಾರು 447 ಕೋಟಿ ವರ್ಷ ಬೇಕು. ಯುರೇನಿಯಂ-235ರಲ್ಲಿ ಅರ್ಧ ಸೀಸ-207 ಆಗಲು ಸುಮಾರು 70 ಕೋಟಿ ವರ್ಷ ಸಾಕು. ಕಾವು, ಒತ್ತಡ, ಮಳೆ, ಬಿಸಿಲು ಯಾವುದೂ ಈ ವೇಗವನ್ನು ಬದಲಿಸಲಾರದು. ಹೀಗೆ ಒಂದೇ ಹರಳಿನಲ್ಲಿ ಎರಡು ಸ್ವತಂತ್ರ ಲೆಕ್ಕ ಸಿಗುತ್ತದೆ. ಎರಡೂ ಒಂದೇ ಉತ್ತರ ಕೊಟ್ಟರೆ ಆ ವಯಸ್ಸನ್ನು ನಂಬಬಹುದು. ಬೇರೆ ಬೇರೆ ಉತ್ತರ ಬಂದರೆ ಹರಳಿನಿಂದ ನಡುವೆ ಎಂದೋ ಸೀಸ ಸೋರಿಹೋಗಿದೆ ಎಂದು ಸಾಮಾನ್ಯವಾಗಿ ಅರ್ಥ.

ಈ ಕೆಲಸಕ್ಕೆ ಜಿರ್ಕಾನ್ ಹರಳಿನಷ್ಟು ಒಳ್ಳೆಯ ವಸ್ತು ಇನ್ನೊಂದಿಲ್ಲ. ಅದು ಬೆಳೆಯುವಾಗ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಬಹುಮಟ್ಟಿಗೆ ಹೊರಗಿಡುತ್ತದೆ. ಹಾಗಾಗಿ ಇಂದು ಅದರೊಳಗೆ ಸಿಗುವ ಸೀಸ ಹೆಚ್ಚುಕಡಿಮೆ ಪೂರ್ತಿ ಅಲ್ಲೇ ಹುಟ್ಟಿದ್ದು.

ಹರಳನ್ನು ಬಂಡೆಯಿಂದ ಬಿಡಿಸಿಕೊಳ್ಳುವುದು ತಾಳ್ಮೆಯ ಕೆಲಸ. ಒಂದು ಗೋಣಿಚೀಲದ ತುಂಬ ಕಲ್ಲು ತಂದು, ತೊಳೆದು, ಜಾ ಕ್ರಷರ್‌ನಲ್ಲಿ ಪುಡಿ ಮಾಡಿ, ಜರಡಿ ಹಿಡಿಯುತ್ತೇವೆ. ಅಲುಗಾಡುವ ಮೇಜಿನ ಮೇಲೆ ನೀರು ಹರಿಸಿದರೆ ಹಗುರ ಖನಿಜ ಕೊಚ್ಚಿ ಹೋಗಿ ತೂಕದ ಖನಿಜ ಉಳಿಯುತ್ತದೆ. ಅದನ್ನು ಬ್ರೋಮೋಫಾರ್ಮಿನಂಥ ಭಾರದ್ರವಕ್ಕೆ ಹಾಕಿದರೆ ಕ್ವಾರ್ಟ್ಸ್, ಫೆಲ್ಡ್‌ಸ್ಪಾರ್ ತೇಲುತ್ತವೆ, ಜಿರ್ಕಾನ್ ತಳ ಸೇರುತ್ತದೆ. ಆಮೇಲೆ ಆಯಸ್ಕಾಂತದ ಯಂತ್ರ ಕಬ್ಬಿಣ ಇರುವ ಖನಿಜಗಳನ್ನು ಬೇರೆ ಮಾಡುತ್ತದೆ. ಕೊನೆಗೆ ಉಳಿಯುವ ಚಿಟಿಕೆ ಪುಡಿಯನ್ನು ಗಾಜಿನ ಬಟ್ಟಲಲ್ಲಿ ಆಲ್ಕೋಹಾಲಿನೊಳಗೆ ಹರಡಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟು, ಸೂಜಿಮೊನೆಯಿಂದ ಒಂದೊಂದೇ ಹರಳನ್ನು ಬದಿಗೆ ಸರಿಸಬೇಕು. ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಉದ್ದದ, ತಿಳಿ ಜೇನು ಬಣ್ಣದ, ಎರಡೂ ತುದಿ ಚೂಪಾದ ಹರಳುಗಳು ಅವು. ಉಸಿರು ಜೋರಾಗಿ ಬಿಟ್ಟರೂ ದ್ರವ ಅಲುಗಿ ಸಾಲು ಕೆಡುತ್ತದೆ.

ಆರಿಸಿದ ಹರಳುಗಳನ್ನು ಎಪಾಕ್ಸಿಯಲ್ಲಿ ಕೂರಿಸಿ ಅರ್ಧಕ್ಕೆ ಸವೆಯುವವರೆಗೆ ಉಜ್ಜಿ, ಇಲೆಕ್ಟ್ರಾನ್ ಕಿರಣ ಹಾಯಿಸಿ ಚಿತ್ರ ತೆಗೆದಾಗ ಹರಳಿನೊಳಗಿನ ಪದರಗಳು ಕಾಣುತ್ತವೆ. ನಡುವೆ ಹಳೆಯ ತಿರುಳು, ಸುತ್ತ ಆ ಮೇಲೆ ಬೆಳೆದ ಅಂಚು. ತಿರುಳಿನದು ಒಂದು ವಯಸ್ಸು, ಅಂಚಿನದು ಇನ್ನೊಂದು. ಅಯಾನುಗಳ ಕಿರಣವನ್ನು ಯಾವ ಜಾಗಕ್ಕೆ ಗುರಿಯಿಡಬೇಕು ಎಂಬ ನಿರ್ಧಾರ ಇಲ್ಲಿ ಆಗಬೇಕು. ಚಿತ್ರ ನೋಡದೆ ಗುರಿಯಿಟ್ಟರೆ ತಿರುಳು ಅಂಚು ಎರಡೂ ಬೆರೆತು, ಯಾವ ಘಟನೆಗೂ ಸೇರದ ಒಂದು ವಯಸ್ಸು ಬರುತ್ತದೆ. ಅದನ್ನು ಎಷ್ಟೇ ನಿಖರವಾಗಿ ಅಳೆದರೂ ಉಪಯೋಗವಿಲ್ಲ. ನಿಖರವಾಗಿರುವುದು ಬೇರೆ, ಸರಿಯಾಗಿರುವುದು ಬೇರೆ ಎಂಬುದು ಈ ವೃತ್ತಿ ಕಲಿಸುವ ಮೊದಲ ಪಾಠ.

ಕಬ್ಬಾಳದುರ್ಗ ಕಲಿಸಿದ್ದು

ನಮ್ಮ ಸೀಮೆಯಲ್ಲಿ ಈ ಕೆಲಸ ಮಾಡುವವರು ಯಾರೇ ಆಗಲಿ, ಒಮ್ಮೆಯಾದರೂ ಕಬ್ಬಾಳದುರ್ಗದ ಕ್ವಾರಿಯ ಮುಂದೆ ಕೂರಬೇಕು. ಅಲ್ಲಿ ಬೂದು ಬಣ್ಣದ, ಪಟ್ಟೆಪಟ್ಟೆಯಾದ ನೈಸ್ ಇದೆ. ಅದರ ನಡುನಡುವೆ ಕಡುಹಸಿರು ಕಪ್ಪಿನ ಮಚ್ಚೆಗಳು. ಹತ್ತಿರ ಹೋಗಿ ನೋಡಿದರೆ ನೈಸ್‌ನ ಪಟ್ಟೆ ಮಚ್ಚೆಯ ಅಂಚಿಗೆ ಬಂದು, ಒಳಗೆ ಮಸುಕಾಗಿ, ಕೊನೆಗೆ ಅಳಿಸಿಹೋಗುತ್ತದೆ. ಹೊರಗಿನಿಂದ ನುಗ್ಗಿದ ಬೇರೊಂದು ಶಿಲೆಯಾಗಿದ್ದರೆ ಅಂಚು ಕತ್ತರಿಸಿದಂತೆ ಇರುತ್ತಿತ್ತು. ಹಾಗಿಲ್ಲ. ನೈಸೇ ಇದ್ದಲ್ಲಿ ಇದ್ದ ಹಾಗೆ ಚಾರ್ನೊಕೈಟ್ ಎಂಬ ಶಿಲೆಯಾಗಿ ಮಾರ್ಪಟ್ಟಿದೆ.

ಇದನ್ನು ಮೊದಲು ಜಗತ್ತಿಗೆ ತಿಳಿಸಿದವರು ಮೈಸೂರು ಸೀಮೆಯ ಭೂವಿಜ್ಞಾನಿ ಸಿ. ಎಸ್. ಪಿಚ್ಚಮುತ್ತು. 1960ರಲ್ಲಿ ಅವರು ಬರೆದ ಪುಟ್ಟ ಟಿಪ್ಪಣಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಮಾನಸಗಂಗೋತ್ರಿಯ ಎ. ಎಸ್. ಜನಾರ್ದನ್ ಅವರು ಅಮೆರಿಕದ ನ್ಯೂಟನ್ ಮತ್ತು ಹ್ಯಾನ್ಸನ್ ಜೊತೆ ಸೇರಿ 1982ರಲ್ಲಿ ಇದಕ್ಕೆ ಕಾರಣ ಮುಂದಿಟ್ಟರು. ಆಳದಿಂದ ಮೇಲೆ ಬಂದ ಇಂಗಾಲದ ಡೈಆಕ್ಸೈಡ್ ತುಂಬಿದ ಅನಿಲ-ದ್ರವ ಬಿರುಕುಗಳ ಗುಂಟ ಹಾಯ್ದು, ಶಿಲೆಯೊಳಗಿನ ನೀರಿನ ಅಂಶವನ್ನು ಹೊರದೂಡಿತು; ನೀರಿದ್ದ ಖನಿಜಗಳು ಹೋಗಿ ನೀರಿಲ್ಲದ ಪೈರಾಕ್ಸೀನ್ ಹುಟ್ಟಿತು ಎಂಬುದು ಅವರ ವಿವರಣೆ. ಅಂದಿನಿಂದ ಈ ಸಣ್ಣ ಕ್ವಾರಿ ಜಗತ್ತಿನ ಭೂವಿಜ್ಞಾನಿಗಳಿಗೆ ಪರಿಚಿತ ಜಾಗ.

ಈಗ ಇಲ್ಲಿಂದ ಒಂದು ಚೂರು ತೆಗೆದುಕೊಂಡು ಹೋಗಿ ವಯಸ್ಸು ಅಳೆದರೆ ಏನಾಗುತ್ತದೆ? ನೈಸ್ ಮೊದಲು ಹುಟ್ಟಿದ ಕಾಲ ಒಂದು. ಅದು ಮಡಿಚಿಕೊಂಡು ಪಟ್ಟೆಯಾದ ಕಾಲ ಇನ್ನೊಂದು. ಮಚ್ಚೆ ಮೂಡಿದ ಸುಮಾರು 250 ಕೋಟಿ ವರ್ಷ ಹಿಂದಿನ ಕಾವಿನ ಕಾಲ ಮತ್ತೊಂದು. ಎಲ್ಲವೂ ಅಂಗೈಯಗಲದ ಕಲ್ಲಿನಲ್ಲಿವೆ. ಚೂರು ಎಲ್ಲಿಂದ ತೆಗೆದದ್ದು, ಮಚ್ಚೆಯ ನಡುವಿನಿಂದಲೋ ಅಂಚಿನಿಂದಲೋ, ಪಕ್ಕದಲ್ಲಿ ಗುಲಾಬಿ ಗ್ರಾನೈಟ್ ಎಳೆ ಇತ್ತೋ ಇಲ್ಲವೋ ಎಂದು ಬರೆದುಕೊಳ್ಳದಿದ್ದರೆ ಲ್ಯಾಬಿನಲ್ಲಿ ಬರುವ ಉತ್ತರಕ್ಕೆ ಪ್ರಶ್ನೆಯೇ ಇರುವುದಿಲ್ಲ.

ಆದ್ದರಿಂದ ನನ್ನ ವಿದ್ಯಾರ್ಥಿಗಳಿಗೆ ಒಂದು ನಿಯಮ ಇತ್ತು. ಬಂಡೆ ತಲುಪಿದ ಕೂಡಲೇ ಸುತ್ತಿಗೆ ತೆಗೆಯುವಂತಿಲ್ಲ. ಮೊದಲು ಸುತ್ತಾಡಿ, ಕೂತು, ಫೀಲ್ಡ್ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಚಿತ್ರ ಬರೆಯಬೇಕು. ಮೊಬೈಲಿನಲ್ಲಿ ಫೋಟೊ ತೆಗೆಯಲಿ, ಬೇಡವೆನ್ನುವುದಿಲ್ಲ. ಆದರೆ ಚಿತ್ರ ಬರೆಯುವಾಗ ಯಾವ ಗೆರೆ ಯಾವುದನ್ನು ಕತ್ತರಿಸುತ್ತದೆ ಎಂದು ಕಣ್ಣು ತೀರ್ಮಾನ ಮಾಡಲೇಬೇಕಾಗುತ್ತದೆ. ಫೋಟೊದಲ್ಲಿ ಆ ತೀರ್ಮಾನ ಮುಂದಕ್ಕೆ ಹೋಗುತ್ತದೆ, ಹೋದದ್ದು ಅನೇಕ ಸಲ ಬರುವುದೇ ಇಲ್ಲ.

ಖಾಲಿ ಬಟ್ಟಲನ್ನು ಅಳೆಯುವುದು

ಭೂಮಿಯ ವಯಸ್ಸನ್ನು ಸುಮಾರು 455 ಕೋಟಿ ವರ್ಷ ಎಂದು 1956ರಲ್ಲಿ ಪ್ರಕಟಿಸಿದವರು ಕ್ಲೇರ್ ಪ್ಯಾಟರ್ಸನ್. ಉಲ್ಕಾಶಿಲೆಗಳಲ್ಲಿನ ಸೀಸವನ್ನು ಅಳೆದು ಅವರು ಅಲ್ಲಿಗೆ ತಲುಪಿದರು. ಅದಕ್ಕೂ ಮೊದಲು ಅವರು ವರ್ಷಗಟ್ಟಲೆ ಒದ್ದಾಡಿದ್ದು ಎಲ್ಲೆಲ್ಲಿಂದಲೋ ಬಂದು ಸೇರುತ್ತಿದ್ದ ಸೀಸದ ಜೊತೆ. ಗಾಳಿಯಲ್ಲಿ, ನೀರಿನಲ್ಲಿ, ಆಮ್ಲದಲ್ಲಿ, ಗೋಡೆಯ ಬಣ್ಣದಲ್ಲಿ, ಕೆಲಸ ಮಾಡುವವರ ಕೂದಲಿನಲ್ಲಿ ಸೀಸ. ಅದನ್ನು ತಡೆಯಲು ಅವರು ಅತಿ ಶುದ್ಧ ಲ್ಯಾಬು ಕಟ್ಟಿಕೊಂಡರು. ಇಷ್ಟು ಸೀಸ ಎಲ್ಲಿಂದ ಬಂತು ಎಂದು ಹುಡುಕಿದಾಗ ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸ ಸಿಕ್ಕಿತು. ಆ ಉದ್ಯಮದ ವಿರೋಧವನ್ನು ಎದುರಿಸಿ ಅವರು ಉಳಿದ ಜೀವನವನ್ನೆಲ್ಲ ಸೀಸ ಮನುಷ್ಯರ ಮೈ ಸೇರುತ್ತಿರುವುದನ್ನು ತೋರಿಸಿಕೊಡಲು ಮುಡಿಪಿಟ್ಟರು. ನಮ್ಮ ದೇಶದಲ್ಲಿ 2000ದಲ್ಲಿ ಸೀಸವಿಲ್ಲದ ಪೆಟ್ರೋಲು ಕಡ್ಡಾಯವಾಯಿತು. ಬಂಡೆಯ ವಯಸ್ಸು ಕೇಳಲು ಹೊರಟ ವಿದ್ಯೆಯೊಂದು ಮಕ್ಕಳ ರಕ್ತದಲ್ಲಿನ ವಿಷ ಕಡಿಮೆಯಾಗಲು ಕಾರಣವಾಯಿತು. ಮೂಲವಿಜ್ಞಾನದಿಂದ ಏನು ಪ್ರಯೋಜನ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಈ ಕಥೆಯನ್ನು.

ಇಂದಿನ ಐಸೋಟೋಪ್ ಲ್ಯಾಬುಗಳೆಲ್ಲ ಪ್ಯಾಟರ್ಸನ್ ಹಾಕಿದ ದಾರಿಯಲ್ಲೇ ನಡೆಯುತ್ತಿವೆ. ಒಳಗೆ ಬರುವ ಗಾಳಿ ಸೋಸಿ ಬರುತ್ತದೆ. ಚಪ್ಪಲಿ ಹೊರಗೆ, ಮೈಗೆ ನಿಲುವಂಗಿ, ತಲೆಗೆ ಟೊಪ್ಪಿ, ಕೈಗೆ ಗ್ಲೌಸು. ಅಂಗಡಿಯಿಂದ ತಂದ ಆಮ್ಲವನ್ನು ನೇರ ಬಳಸುವುದಿಲ್ಲ. ಟೆಫ್ಲಾನ್ ಪಾತ್ರೆಯಲ್ಲಿ ಕುದಿಯದಷ್ಟು ಹದವಾದ ಬಿಸಿಯಲ್ಲಿ ಹನಿಹನಿಯಾಗಿ ಬಟ್ಟಿ ಇಳಿಸುತ್ತೇವೆ. ಒಂದು ಹನಿ ಮಜ್ಜಿಗೆ ಪಾತ್ರೆ ಹಾಲನ್ನೆಲ್ಲ ಕೆಡಿಸುವ ಹಾಗೆ, ಕಣ್ಣಿಗೆ ಕಾಣದ ಒಂದು ಧೂಳಿನ ಕಣ ವಾರಗಟ್ಟಲೆಯ ಕೆಲಸವನ್ನು ಕೆಡಿಸಬಲ್ಲದು.

ಪ್ರತಿ ಸರದಿಯಲ್ಲೂ ಸ್ಯಾಂಪಲ್ ಜೊತೆಗೆ ಒಂದು ಖಾಲಿ ಬಟ್ಟಲನ್ನೂ ಕೊನೆಯವರೆಗೆ ಒಯ್ಯುತ್ತೇವೆ. ಅದೇ ಆಮ್ಲ, ಅದೇ ನೀರು, ಅದೇ ಹೊತ್ತು. ಕಲ್ಲು ಮಾತ್ರ ಇಲ್ಲ. ಕೊನೆಗೆ ಅದರಲ್ಲಿ ಎಷ್ಟು ಸೀಸ ಬಂತು ಎಂದು ಅಳೆಯುತ್ತೇವೆ. ಇದನ್ನು ಬ್ಲಾಂಕ್ ಎನ್ನುತ್ತಾರೆ. ನಾವೇ ಸೇರಿಸಿದ್ದು ಎಷ್ಟು ಎಂದು ಗೊತ್ತಾದ ಮೇಲೆ ಬಂಡೆಯದು ಎಷ್ಟು ಎಂದು ಹೇಳುವ ಹಕ್ಕು ಬರುತ್ತದೆ. ಬ್ಲಾಂಕ್ ಮಾಡಲು ಬೇಸರಪಡುವ ವಿದ್ಯಾರ್ಥಿ ಎಷ್ಟೇ ಚುರುಕಾಗಿದ್ದರೂ ಈ ಕೆಲಸಕ್ಕೆ ಆಗಿಬರುವುದಿಲ್ಲ. ಆಸಕ್ತಿಯಿಂದ ಮಾಡುವವರು ನಿಧಾನವಾದರೂ ಮೇಲೆ ಬರುತ್ತಾರೆ.

ವಯಸ್ಸು ಬದಲಾಗುತ್ತದೆ, ಅಳತೆ ಉಳಿಯುತ್ತದೆ

1980ರಲ್ಲಿ ಬೆಕಿನ್‌ಸೇಲ್, ಡ್ರೂರಿ ಮತ್ತು ಹೋಲ್ಟ್ ಎಂಬ ವಿಜ್ಞಾನಿಗಳು ‘ನೇಚರ್’ ಪತ್ರಿಕೆಯಲ್ಲಿ ನಮ್ಮ ನೈಸ್‌ಗಳಿಗೆ 336 ಕೋಟಿ ವರ್ಷ ಎಂದು ಬರೆದಾಗ ಕರ್ನಾಟಕದ ನೆಲಕ್ಕೆ ಜಗತ್ತಿನ ಅತಿ ಹಳೆಯ ಭೂಖಂಡಗಳ ಸಾಲಿನಲ್ಲಿ ಜಾಗ ಸಿಕ್ಕಿತು. ಅವರು ಬಳಸಿದ್ದು ರುಬಿಡಿಯಂ-ಸ್ಟ್ರಾನ್ಷಿಯಂ ವಿಧಾನ. ರುಬಿಡಿಯಂ-87 ಎಷ್ಟು ವೇಗದಲ್ಲಿ ಕ್ಷಯಿಸುತ್ತದೆ ಎಂಬುದಕ್ಕೆ 1977ರಲ್ಲಿ ಅಂತರರಾಷ್ಟ್ರೀಯ ಸಮಿತಿಯೊಂದು ಒಂದು ಅಂಕಿಯನ್ನು ಒಪ್ಪಿಕೊಂಡಿತ್ತು. 2015ರಲ್ಲಿ ಆ ಅಂಕಿಯನ್ನು ಶೇ 1.6ರಷ್ಟು ಇಳಿಸಲಾಯಿತು. ಕೇಳಲು ಸಣ್ಣ ಬದಲಾವಣೆ. ಆದರೆ ಹಳೆಯ ಅಂಕಿಯ ಲೆಕ್ಕದಲ್ಲಿ 336 ಕೋಟಿ ಎಂದು ಬಂದ ವಯಸ್ಸಿಗೆ ಹೊಸ ಲೆಕ್ಕದಲ್ಲಿ 5 ಕೋಟಿಗೂ ಹೆಚ್ಚು ವರ್ಷ ಕೂಡಿಕೊಳ್ಳುತ್ತದೆ. ಬಂಡೆ ಅದೇ, ಅಳತೆಯೂ ಅದೇ. ಬದಲಾದದ್ದು ನಮ್ಮ ತಿಳಿವಳಿಕೆ.

ಇದರಿಂದ ಕಲಿಯಬೇಕಾದದ್ದು ಇಷ್ಟು. ಪ್ರಕಟಿಸುವಾಗ ವಯಸ್ಸನ್ನು ಮಾತ್ರ ಬರೆದು ಬಿಡಬಾರದು. ಅಳೆದ ಅನುಪಾತಗಳು, ಅವುಗಳ ತಪ್ಪಿನ ಅಂದಾಜು, ಬ್ಲಾಂಕ್, ಲ್ಯಾಬಿನ ಮಾನಕ ಸ್ಯಾಂಪಲ್ ಕೊಟ್ಟ ಉತ್ತರ, ಕಲ್ಲು ತೆಗೆದ ಜಾಗದ ಅಕ್ಷಾಂಶ ರೇಖಾಂಶ ಎಲ್ಲವನ್ನೂ ಪಟ್ಟಿ ಮಾಡಿ ಕೊಡಬೇಕು. ಹಾಗೆ ಕೊಟ್ಟರೆ ನಾಳೆ ಬರುವವರು ನಮ್ಮ ಲೆಕ್ಕವನ್ನು ತಿದ್ದಿಕೊಂಡು ಮುಂದೆ ಹೋಗುತ್ತಾರೆ. ಕೊಡದಿದ್ದರೆ ನಮ್ಮ ಕೆಲಸ ನಮ್ಮೊಂದಿಗೇ ಮುಗಿಯುತ್ತದೆ. ಹೆಚ್ಚು ಕಡಿಮೆ ಎಂದು ವಯಸ್ಸಿನ ಪಕ್ಕ ಬರೆಯುವ ಅಂಕಿಯೂ ಅಷ್ಟೇ ಮುಖ್ಯ. 250 ಕೋಟಿ ವರ್ಷ, 1 ಕೋಟಿ ಆಚೀಚೆ ಎಂದು ಬರೆಯುವಾಗ ನಮಗೆ ಎಷ್ಟು ಗೊತ್ತು ಎಂಬುದರ ಜೊತೆಗೆ ಎಷ್ಟು ಗೊತ್ತಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಿದ ಹಾಗಾಗುತ್ತದೆ.

ಹಿರಿಯರ ನಕ್ಷೆಗಳು

ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ 1894ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರ ಮುಂದಾಳತ್ವದಲ್ಲಿ ಹುಟ್ಟಿತು. ಆ ಮೇಲೆ ಬಂದ ಸ್ಮೀತ್ 1916ರಲ್ಲಿ ನಮ್ಮ ನೈಸ್‌ಗಳಿಗೆ ‘ಪೆನಿನ್ಸುಲರ್ ನೈಸ್’ ಎಂಬ ಹೆಸರು ಕೊಟ್ಟರು. ಐಸೋಟೋಪ್ ಅಳತೆ ಇಲ್ಲದ ಆ ಕಾಲದಲ್ಲಿ ಇಲಾಖೆಯವರು ಕಾಡು ಮೇಡು ಅಲೆದು ಮಾಡಿದ ನಕ್ಷೆಗಳನ್ನು ನಾವು ಇಂದಿಗೂ ಬಿಚ್ಚಿ ನೋಡುತ್ತೇವೆ. ಬಿ. ಪಿ. ರಾಧಾಕೃಷ್ಣ ಅವರು 1956ರಲ್ಲಿ ರಾಮನಗರ ಸೀಮೆಯ ಕ್ಲೋಸ್‌ಪೇಟೆ ಗ್ರಾನೈಟಿನ ಮೇಲೆ ಪುಸ್ತಕ ಬರೆದರು. ಆ ಗ್ರಾನೈಟ್ ಹುಟ್ಟಿದ್ದು ಸುಮಾರು 250 ಕೋಟಿ ವರ್ಷ ಹಿಂದೆ ಎಂದೂ, ಅದರಲ್ಲಿ ಭೂಮಿಯ ಮ್ಯಾಂಟಲ್‌ನಿಂದ ಬಂದ ಪಾಕವೂ ಹಳೆಯ ನೈಸ್ ಕರಗಿ ಆದ ಪಾಕವೂ ಬೆರೆತಿವೆ ಎಂದೂ ಐಸೋಟೋಪ್‌ಗಳು ಆ ಮೇಲೆ ತೋರಿಸಿದವು.

ಆ ಹಿರಿಯರ ನಡುವೆ ದೊಡ್ಡದೊಂದು ವಾದ ಇತ್ತು. ಧಾರವಾಡ ಶಿಸ್ಟ್ ಶಿಲೆಗಳು ಮೊದಲೋ, ನೈಸ್ ಮೊದಲೋ? ಶಿಸ್ಟ್ ಮೊದಲು, ನೈಸ್ ಅದರೊಳಗೆ ನುಗ್ಗಿದ್ದು ಎಂದರು ಸ್ಮೀತ್. ಆದರೆ ಚಿಕ್ಕಮಗಳೂರಿನ ಹತ್ತಿರದ ಕರ್ತಿಕೆರೆಯಂಥ ಕಡೆ ಧಾರವಾಡಕ್ಕೆ ಸೇರಿದ ಬಾಬಾಬುಡನ್ ಶಿಲೆಗಳ ತಳದಲ್ಲಿ ಉರುಟು ಬೆಣಚುಕಲ್ಲುಗಳ ಪದರ ಇದೆ. ಹಳೆಯ ನೆಲ ಸವೆದು, ಹೊಳೆಯಲ್ಲಿ ಉರುಳಿ, ಕೂತ ಕಲ್ಲುಗಳು ಅವು. ನೈಸ್ ಆಗಲೇ ನೆಲವಾಗಿತ್ತು ಎಂಬುದಕ್ಕೆ ಇದು ಸಾಕ್ಷಿ. ಹಾಗಾದರೆ ನೈಸ್‌ನೊಳಗೆ ತುಂಡುತುಂಡಾಗಿ ಸಿಕ್ಕಿಕೊಂಡಿರುವ ಶಿಸ್ಟ್‌ಗಳು ಯಾವುವು? ನಮ್ಮ ಜಿಲ್ಲೆಯ ಸರಗೂರಿನ ಹೆಸರಿನಿಂದ ಅವನ್ನು ಬೇರೆ ಗುಂಪು ಮಾಡಿ, ಧಾರವಾಡಕ್ಕಿಂತ ಹಳೆಯವು ಎಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಸ್ವಾಮಿನಾಥ್ ಮತ್ತು ರಾಮಕೃಷ್ಣನ್ ವಾದಿಸಿದರು. 1981ರ ಅವರ ಗ್ರಂಥ ದಕ್ಷಿಣ ಕರ್ನಾಟಕದಲ್ಲಿ ಕೆಲಸ ಮಾಡುವ ಎಲ್ಲರ ಮೇಜಿನ ಮೇಲೂ ಇರುತ್ತಿತ್ತು.

1992ರಲ್ಲಿ ನಟ್‌ಮನ್, ಚಾಡ್ವಿಕ್, ರಾಮಕೃಷ್ಣನ್ ಮತ್ತು ವಿಶ್ವನಾಥ ಸರಗೂರು ಗುಂಪಿನ ಹಳೆಯ ಗಸಿಶಿಲೆಗಳೊಳಗಿನ ಜಿರ್ಕಾನ್‌ಗಳನ್ನು ಅಯಾನು ಕಿರಣ ಬಳಸುವ ಷ್ರಿಂಪ್ ಯಂತ್ರದಲ್ಲಿ ಅಳೆದರು. ಕೆಲವಕ್ಕೆ 358 ಕೋಟಿ ವರ್ಷ ಬಂತು. ಗೊರೂರಿನ ನೈಸ್‌ಗೆ ಅಂದು ತಿಳಿದಿದ್ದ ವಯಸ್ಸಿಗಿಂತ ಅದು 20 ಕೋಟಿಗೂ ಹೆಚ್ಚು ವರ್ಷ ದೊಡ್ಡದು. ಎಲ್ಲೋ ಇದ್ದ ಇನ್ನೂ ಹಿರಿಯ ಬಂಡೆ ಸವೆದು ಮರಳಾಗಿ, ಆ ಮರಳು ಕಲ್ಲಾಗಿ, ಬೆಂದು, ಮಡಿಚಿ, ಮೇಲೆದ್ದು ನಿಂತರೂ ಹರಳು ತನ್ನ ಲೆಕ್ಕವನ್ನು ಕಾಪಾಡಿಕೊಂಡಿತ್ತು. ನಾನು ಓದಿದ ವರದಿಗಳಲ್ಲೆಲ್ಲ ನನ್ನನ್ನು ಹೆಚ್ಚು ಅಲುಗಿಸಿದ್ದು ಇದು. ಇದು ಸಾಧ್ಯವಾದದ್ದು ಆ ಶಿಲೆ ಬೇರೆ ಗುಂಪಿನದೆಂದು ಕಾಲ್ನಡಿಗೆಯಲ್ಲಿ ಗುರುತಿಸಿದವರು ಇದ್ದುದರಿಂದ. ಯಾವ ಶಿಲೆಯನ್ನು ಯಂತ್ರಕ್ಕೆ ಕೊಡಬೇಕು ಎಂದು ಹೇಳಿದ್ದು ನಕ್ಷೆ.

ಕಲ್ಲು ಬಲ್ಲವರು

ಪೇಪರಿನಲ್ಲಿ ಹೆಸರು ಬರದ ಗುರುಗಳೂ ನನಗೆ ಇದ್ದಾರೆ. ನಂಜನಗೂಡು ಕಡೆಯ ಕ್ವಾರಿಯೊಂದರಲ್ಲಿ ನಾನು ಸುತ್ತಿಗೆ ಎತ್ತಿದಾಗ ವಯಸ್ಸಾದ ಕಲ್ಲುಕುಟಿಗರೊಬ್ಬರು ತಡೆದರು. “ಅಲ್ಲಿ ಹೊಡೀಬ್ಯಾಡಿ ಕನವ್ವ, ಆ ಕಲ್ಲು ಸತ್ತೋಗದೆ. ಇತ್ಲಾಗ್ ಬನ್ನಿ, ಜೀವ ಇರೋ ಕಲ್ಲು ಇಲ್ಲಿ ಅದೆ” ಎಂದು ತೋರಿಸಿದರು. ಸುತ್ತಿಗೆಯ ಹಿಂಭಾಗದಿಂದ ಎರಡನ್ನೂ ತಟ್ಟಿದರು. ಒಂದು ಮಂಕಾಗಿ ಸದ್ದು ಮಾಡಿತು, ಇನ್ನೊಂದು ಠಣ್ಣೆಂದಿತು. ಅವರು ಸತ್ತದ್ದು ಎಂದ ಕಲ್ಲಿಗೆ ಮಳೆ ನೀರು ಹೊಕ್ಕು, ಫೆಲ್ಡ್‌ಸ್ಪಾರ್ ಮೆತ್ತಗಾಗತೊಡಗಿತ್ತು. ಅಂಥ ಕಲ್ಲಿನಿಂದ ರುಬಿಡಿಯಂ, ಸ್ಟ್ರಾನ್ಷಿಯಂ, ಸೀಸ ಎಲ್ಲವೂ ಅಷ್ಟಿಷ್ಟು ಜರುಗಿರುತ್ತವೆ. ಅದರ ವಯಸ್ಸಿನ ಲೆಕ್ಕ ನಂಬಲಾಗದು. ಕ್ವಾರಿಗೆ ಹೋದಾಗ ಮೊದಲು ಅಲ್ಲಿನ ಹಿರಿಯ ಕೆಲಸಗಾರರನ್ನು ಮಾತಾಡಿಸುವುದು ಅಂದಿನಿಂದ ನನ್ನ ರೂಢಿ. ನೈಸ್ ಸೀಳಿಕೊಂಡು ಬಂದ ಕಪ್ಪು ಡೈಕ್ ಎಲ್ಲಿ ಮುಂದುವರಿಯುತ್ತದೆ, ಕಲ್ಲು ಯಾವ ದಿಕ್ಕಿಗೆ ಸುಲಭವಾಗಿ ಸೀಳುತ್ತದೆ ಎಂಬುದನ್ನೆಲ್ಲ ಅವರು ನಮ್ಮ ಟೋಪೋಶೀಟಿಗಿಂತ ಚೆನ್ನಾಗಿ ಬಲ್ಲರು.

ಹಳ್ಳಿಯಲ್ಲಿ ನಡೆದುಕೊಳ್ಳುವ ಬಗೆಯೂ ಈ ವಿದ್ಯೆಯ ಭಾಗ. ಹೊಲದ ನಡುವಿನ ಹಾಸುಬಂಡೆ ನಮಗೆ ಔಟ್‌ಕ್ರಾಪ್. ಹಳ್ಳಿಯವರಿಗೆ ಹುರುಳಿ ಒಣಗಿಸುವ, ರಾಗಿ ಬಡಿಯುವ ಜಾಗ. ಕೇಳದೆ ಅದನ್ನು ಒಡೆಯಬಾರದು. ಅರಿಶಿನ ಕುಂಕುಮ ಕಂಡ ಬಂಡೆಗೆ ಸುತ್ತಿಗೆ ತಾಗಿಸಲೇಬಾರದು. ಹೋದಲ್ಲೆಲ್ಲ “ಏನವ್ವಾ ಹುಡುಕ್ತಿದ್ದೀರಿ, ಚಿನ್ನ ಗಿನ್ನ ಅದಾ?” ಎಂಬ ಪ್ರಶ್ನೆ ಬರುತ್ತದೆ. ಅವಸರದಲ್ಲಿ ಏನೋ ಹೇಳಿ ಜಾರಿಕೊಳ್ಳುವುದು ಸರಿಯಲ್ಲ. ಈ ಬಂಡೆ ಎಷ್ಟು ಹಳೆಯದು, ಅದು ಹೇಗೆ ಗೊತ್ತಾಗುತ್ತದೆ ಎಂದು ನಮ್ಮ ಮಾತಿನಲ್ಲಿ ಅವರಿಗೆ ತಿಳಿಸಿ ಹೇಳಲು ಬರಬೇಕು. ಹಾಗೆ ಹೇಳಲು ಬಾರದಿದ್ದರೆ ವಿಷಯ ನಮಗೇ ಇನ್ನೂ ಪೂರ್ತಿ ಹಿಡಿತಕ್ಕೆ ಬಂದಿಲ್ಲ ಎಂದೇ ತಿಳಿಯಬೇಕು.

ಈಗ ಹೊರಟವರಿಗೆ

ಹಳೆಯ ಬಂಡೆ ಎಲ್ಲರಿಗೂ ಬೇಕಿಲ್ಲ. ನೀರಿನ ಪ್ರಶ್ನೆ ಹಿಡಿಯುವವರಿಗೆ ಐಸೋಟೋಪ್ ವಿದ್ಯೆಯಲ್ಲಿ ಇಂದು ದೊಡ್ಡ ಅವಕಾಶವಿದೆ. ಬೋರ್‌ವೆಲ್ಲಿನ ನೀರು ಕಳೆದ ಕೆಲವು ದಶಕಗಳ ಮಳೆಯದೋ ಅಲ್ಲವೋ ಎಂಬುದನ್ನು ಟ್ರಿಷಿಯಂ ಹೇಳುತ್ತದೆ. ಅದರ ಅರ್ಧಾಯುಷ್ಯ ಸುಮಾರು 12 ವರ್ಷ. ಸಾವಿರಾರು ವರ್ಷದ ನೀರಾದರೆ 5730 ವರ್ಷ ಅರ್ಧಾಯುಷ್ಯದ ಇಂಗಾಲ-14 ಬೇಕು. ಕೆರೆಯಿಂದ ಇಂಗಿದ ನೀರಿಗೂ ನೇರವಾಗಿ ಮಳೆಯಿಂದ ಇಂಗಿದ ನೀರಿಗೂ ಆಮ್ಲಜನಕ, ಜಲಜನಕಗಳ ಐಸೋಟೋಪ್‌ಗಳಲ್ಲಿ ವ್ಯತ್ಯಾಸ ಇರುತ್ತದೆ. ಕೆರೆಯಲ್ಲಿ ನೀರು ಆವಿಯಾಗುವಾಗ ಹಗುರ ಪರಮಾಣುಗಳು ಮೊದಲು ಹೊರಟು ಹೋಗಿ ಭಾರದವು ಹೆಚ್ಚು ಉಳಿಯುತ್ತವೆ. ಯಾವ ಕೆರೆ ಯಾವ ಊರಿನ ಬಾವಿಗೆ ನೀರು ಕೊಡುತ್ತಿದೆ ಎಂದು ಇದರಿಂದ ತೋರಿಸಬಹುದು. ಇಲ್ಲಿಯೂ ನಿಯಮ ಅದೇ. ಬೋರ್‌ವೆಲ್ ಎಷ್ಟು ಆಳ, ಕೇಸಿಂಗ್ ಎಲ್ಲಿಯವರೆಗೆ, ನೀರು ಯಾವ ಬಿರುಕಿನಿಂದ ಬರುತ್ತದೆ ಎಂದು ತಿಳಿಯದೆ ತುಂಬಿಸಿಕೊಂಡು ಹೋದ ಬಾಟಲಿಯ ನೀರಿನಿಂದ ಹೆಚ್ಚೇನೂ ತಿಳಿಯದು.

ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ, ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ ಒಳ್ಳೆಯ ಐಸೋಟೋಪ್ ಲ್ಯಾಬುಗಳಿವೆ. ಯಂತ್ರದ ಸಮಯ ಸಿಗಲು ಕಾಯಬೇಕಾಗುತ್ತದೆ. ಆ ಕಾಯುವ ತಿಂಗಳುಗಳನ್ನು ಬೇಸರದಲ್ಲಿ ಕಳೆಯಬೇಡಿ. ಥಿನ್ ಸೆಕ್ಷನ್ ನೋಡಿ, ಹಳೆಯ ನಕ್ಷೆ ಓದಿ, ಮತ್ತೊಮ್ಮೆ ಫೀಲ್ಡಿಗೆ ಹೋಗಿ. ಯಂತ್ರದ ಮುಂದೆ ಕೂರುವ ಹೊತ್ತಿಗೆ ನಿಮ್ಮ ಪ್ರಶ್ನೆ ಹರಿತವಾಗಿರುತ್ತದೆ. ಹೆಣ್ಣುಮಕ್ಕಳಿಗೆ ಫೀಲ್ಡ್ ಕಷ್ಟ ಎಂದು ಹೇಳುವವರು ಇನ್ನೂ ಇದ್ದಾರೆ. ಆ ಮಾತಿಗೆ ಕಿವಿಗೊಡಬೇಡಿ. ಜೊತೆಗೊಬ್ಬರು ಇರಲಿ, ಊರಿನವರಿಗೆ ತಿಳಿಸಿ ಹೋಗಿ, ಬಿಸಿಲಿಗೆ ಟೊಪ್ಪಿ, ಸಾಕಷ್ಟು ನೀರು ಇರಲಿ. ಇವು ಗಂಡಸರಿಗೂ ಹೆಂಗಸರಿಗೂ ಒಂದೇ ನಿಯಮ.

ಕೊನೆಯದಾಗಿ ಒಂದು ಕೋರಿಕೆ. ಕರ್ನಾಟಕದಲ್ಲಿ ಲಾಲ್‌ಬಾಗಿನ ಬಂಡೆ, ಮಲ್ಪೆಯ ಸೇಂಟ್ ಮೇರೀಸ್ ದ್ವೀಪ, ಚಿತ್ರದುರ್ಗದ ಮರಡಿಹಳ್ಳಿ, ಕೋಲಾರದ ಪೆದ್ದಪಲ್ಲಿ ಇವು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಘೋಷಿತವಾಗಿವೆ. ಕಬ್ಬಾಳದುರ್ಗದ ಕ್ವಾರಿಯ ಮುಖ, ಗೊರೂರಿನ ನೈಸ್, ಸರಗೂರಿನ ಶಿಸ್ಟ್, ಕರ್ತಿಕೆರೆಯ ಉರುಟುಗಲ್ಲಿನ ಪದರ ಇವೂ ಆ ಪಟ್ಟಿಗೆ ಸೇರಬೇಕಾದವು. ಜಲ್ಲಿ ಕ್ರಷರ್‌ಗೆ ಹೋದ ಬಂಡೆಯನ್ನು ಯಾವ ಲ್ಯಾಬೂ ಮತ್ತೆ ಜೋಡಿಸಲಾರದು. ನಾಳೆ ಇನ್ನೂ ಉತ್ತಮ ಯಂತ್ರ ಬರುತ್ತದೆ, ಇನ್ನೂ ಉತ್ತಮ ಪ್ರಶ್ನೆ ಕೇಳುವವರು ಬರುತ್ತಾರೆ. ಅವರು ಬಂದು ನೋಡಲು ಬಂಡೆ ಇದ್ದಲ್ಲೇ ಇರಬೇಕು. ಜಿಲ್ಲಾಡಳಿತಗಳು ಗಣಿ ಗುತ್ತಿಗೆ ಕೊಡುವ ಮುನ್ನ ಹತ್ತಿರದ ಭೂವಿಜ್ಞಾನ ವಿಭಾಗವನ್ನು ಒಂದು ಮಾತು ಕೇಳಲಿ. ಭೂವಿಜ್ಞಾನದ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಬಂಡೆಗಳ ಪಟ್ಟಿ, ಚಿತ್ರ, ಜಾಗದ ಗುರುತು ಇಂದೇ ಬರೆದಿಡಲು ಶುರು ಮಾಡಲಿ. ಅದಕ್ಕೆ ಮಾಸ್ ಸ್ಪೆಕ್ಟ್ರೋಮೀಟರ್ ಬೇಡ. ಒಂದು ನೋಟ್‌ಬುಕ್ಕು, ಪೆನ್ಸಿಲು ಸಾಕು.